ಅಜ್ಜನ ಪಥ್ಯ, ಮೊಮ್ಮಗನ ತೂಕ

ನನ್ನ ಮೊಮ್ಮಗ ಹಸಿರಿಗೆ ಬಂದ! ಇವತ್ತು ಮುಂಜಾನೆ ಅಂಗನವಾಡಿಯಲ್ಲಿ ತೂಗಿದರು. ತೂಕದ ಕಾರ್ಡಿನ ಹಳದಿ ಪಟ್ಟಿಯಲ್ಲೇ ಕೂತಿದ್ದ ಅವನ ಚುಕ್ಕೆ ಹಸಿರು ಪಟ್ಟಿ ಸೇರಿದೆ. ಆ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ಊರೆಲ್ಲ ತೋರಿಸಿ ಬಂದೆ. ಚಹಾದ ಅಂಗಡಿಯವನಿಗೆ ತೋರಿಸಿದೆ, ತಿಳವಳ್ಳಿ ಬಸ್ಸಿನ ಕಂಡಕ್ಟರಿಗೂ ತೋರಿಸಿದೆ.

ಹಸಿರು ಅಂದರೆ ಕೂಸು ಸರಿಯಾಗಿ ಬೆಳೆಯುತ್ತಿದೆ, ಹಳದಿ ಅಂದರೆ ತೂಕ ಸಾಲದು. ಅವನನ್ನು ಹಳದಿಗೆ ಇಳಿಸಿದವನು ನಾನೇ. ಅದನ್ನೂ ಹೇಳಿಬಿಡುತ್ತೇನೆ, ಖುಷಿಯಲ್ಲಿ ನಾಚಿಕೆ ಎಂಥದ್ದು!

ಅವನಿಗೆ ಒಂದೂವರೆ ವರ್ಷ. ಎದೆಹಾಲು ಬಿಟ್ಟ ಕೂಸು ಅಜ್ಜನ ತಾಟಿನಲ್ಲಿ ಉಣ್ಣುವುದು ನಮ್ಮ ಮನೆಯ ರೂಢಿ. ನಾನೂ ಹಾಗೇ ಬೆಳೆದವನು. ನನ್ನ ತೊಡೆಯ ಮೇಲೆ ಕೂತು, ನಾನು ಕಲಸಿಟ್ಟ ತುತ್ತನ್ನೇ ತಿನ್ನುತ್ತಾನೆ. ಬೇರೆ ಬಟ್ಟಲು ತಂದರೆ ಒದೆಯುತ್ತಾನೆ.

ಕೆಲವು ತಿಂಗಳ ಹಿಂದೆ ಹಾನಗಲ್ಲಿನ ಡಾಕ್ಟರು ನನ್ನ ರಕ್ತಪರೀಕ್ಷೆ ನೋಡಿ, "ಕೊಬ್ಬು ಏರೇತ್ರಿ ಅಜ್ಜಾರ, ಎಣ್ಣಿ-ತುಪ್ಪ ಕಡಿಮಿ ಮಾಡ್ರಿ" ಎಂದರು. ನಾನು ನಾಲ್ಕನೇ ಇಯತ್ತೆ ಓದಿದವನು, ಆದರೆ ಹಿಡಿದದ್ದು ಬಿಡುವವನಲ್ಲ. ಕಡಿಮೆ ಏನು ಬಂತು, ಪೂರಾ ಬಿಟ್ಟೆ. ಸಪ್ಪನೆಯ ಅನ್ನ, ಬೇಯಿಸಿದ ಕಾಳು, ನೀರುಮಜ್ಜಿಗೆ. ಶೇಂಗಾ ಚಟ್ನಿಯನ್ನೂ ಮುಟ್ಟಲಿಲ್ಲ.

"ಕಡಿಮಿ ಮಾಡ್ರಿ ಅಂದ್ರು, ಸನ್ಯಾಸ ತಗೋರಿ ಅಂದಿಲ್ಲ" ಎಂದು ಹೆಂಡತಿ ಚುಚ್ಚಿದಳು. ನಾನು ಮೀಸೆ ತಿರುವಿದೆ.

ನನ್ನ ತಾಟಿನ ಪಥ್ಯ ಕೂಸಿನ ಪಥ್ಯವೂ ಆಯಿತೆಂದು ಯಾರಿಗೂ ಹೊಳೆಯಲಿಲ್ಲ. ಅವನ ಕೆನ್ನೆ ಇಳಿದವು. ಸೊಸೆ ದೃಷ್ಟಿ ತೆಗೆದಳು, ಜಂತಿನ ಔಷಧ ಕುಡಿಸಿದಳು. ಅವನು ಆಟ ಬಿಟ್ಟು ಕಂಬಕ್ಕೆ ಒರಗಿ ಕೂರತೊಡಗಿದ. ಅಂಗನವಾಡಿಯಲ್ಲಿ ತೂಗಿದಾಗ ಚುಕ್ಕೆ ಹಳದಿಗೆ ಇಳಿದಿತ್ತು.

ಅಷ್ಟರಲ್ಲಿ ಹಿರಿಯ ಮಗನ ಮಗಳು ರಜೆಗೆ ಬಂದಳು. ಶಿಗ್ಗಾವಿಯಲ್ಲಿ ವಿಜ್ಞಾನ ಓದುತ್ತಾಳೆ. ಊಟಕ್ಕೆ ಕೂತಾಗ ನನ್ನ ತಾಟು ನೋಡಿದಳು, ಕೂಸನ್ನು ನೋಡಿದಳು.

"ಅಜ್ಜಾ, ತಮ್ಮಗೂ ಕೊಲೆಸ್ಟ್ರಾಲ್ ಏರೇತೇನು?"

"ಹುಚ್ಚಿ, ಅವಗ ಯಾಕ ಏರತೈತಿ?"

"ಮತ್ತ ನಿನ್ನ ಪಥ್ಯ ಅವಗ ಯಾಕ ಉಣಸಾಕತ್ತಿ?"

ನನ್ನ ಕೈ ತಾಟಿನಲ್ಲೇ ನಿಂತಿತು.

ಊಟವಾದ ಮೇಲೆ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದಳು.

"ಕೊಬ್ಬಿನ ಒಂದು ಕಣ ಅಂದ್ರ ಬಿತ್ತೋ ಕೂರಿಗಿ ಇದ್ದಂಗ. ಮ್ಯಾಲ ಅಡ್ಡ ದಿಂಡು, ಕೆಳಗ ಬೀಜ ಇಳಿಯೋ ಮೂರು ತಾಳು. ತಾಳು ನೆಟ್ಟಗಿದ್ರ ಕಣ ಒತ್ತೊತ್ತಿ ಕೂಡ್ತಾವು, ಅದು ತುಪ್ಪ, ಥಂಡಿಗೆ ಗಟ್ಟಿ ಆಗತೈತಿ. ತಾಳು ಡೊಂಕಿದ್ರ ಹೊಂದಂಗಿಲ್ಲ, ಅದು ಕುಸುಬಿ ಎಣ್ಣಿ, ಹರೀತಿರತೈತಿ."

ಜೀವಮಾನವೆಲ್ಲ ಡೊಂಕು ಕಟ್ಟಿಗೆ ಒಟ್ಟಿದವನಿಗೆ ಇದು ತಿಳಿಯದೇ?

"ನನ್ನ ರಕ್ತದಾಗಿಂದು ಯಾವ ಕೂರಿಗಿ?"

"ಕೊಲೆಸ್ಟ್ರಾಲ್ ಕೂರಿಗಿ ಅಲ್ಲಜ್ಜಾ, ನಾಕು ಕೈಬಳಿ ಜೋಡಿಸಿದಂಗ ಇರತೈತಿ. ಅದೂ ಕೊಬ್ಬಿನ ಬಳಗನ, ಆದ್ರ ಬ್ಯಾರೆ ಮನಿದು. ಮೈಗೆ ಬೇಕು, ಅತಿ ಆಗಬಾರ್ದು."

"ಕೂಸಿಗೆ?"

"ಅವನ ಮೆದುಳು ಈಗ ಬೆಳ್ಯಾಕತ್ತೈತಿ, ಅದಕ್ಕ ಕೊಬ್ಬು ಬೇಕ. ಗಜ್ಜರಿ ತಿನಸ್ತಿ, ಅದರಾಗಿನ ಕಣ್ಣಿಗೆ ಬೇಕಾದ ಸತ್ವ ಎಣ್ಣಿ ಇಲ್ಲದಿದ್ರ ಮೈಗೆ ಸರಿಯಾಗಿ ಹತ್ತಂಗಿಲ್ಲ. ಅವನ ಹೊಟ್ಟಿ ಎಷ್ಟೈತಿ, ಮುಷ್ಟಿಯಷ್ಟು! ಅಕ್ಕಿಗಿಂತ ಅಷ್ಟ ತೂಕದ ತುಪ್ಪದಾಗ ಎರಡು ಪಟ್ಟು ಕಸುವು ಐತಿ. ನಿನಗೂ ಪೂರಾ ಬಂದ್ ಬ್ಯಾಡ, ಕಡಿಮಿ ಅಷ್ಟ."

"ನಾ ಬಾಯಿಲೆ ಹೇಳಿದ್ರ ಕೇಳಲಿಲ್ಲ, ಈಗ ಕೂರಿಗಿ ಬರದು ತೋರಿಸಬೇಕಾತು ನೋಡು!" ಒಳಗಿನಿಂದ ಹೆಂಡತಿಯ ದನಿ.

ಮರುದಿನದಿಂದ ನನ್ನ ತಾಟಿನಲ್ಲಿ ಎರಡು ಗುಡ್ಡೆ. ಒಂದು ಬದಿ ಕೂಸಿನದು: ಮೆತ್ತಗಿನ ಅನ್ನ, ಬೇಳೆ, ನುಣ್ಣಗೆ ಕುಟ್ಟಿದ ಶೇಂಗಾ, ಮೇಲೆ ಧಾರೆ ತುಪ್ಪ. ಇನ್ನೊಂದು ಬದಿ ನನ್ನದು: ರೊಟ್ಟಿ, ಚಮಚೆಯಷ್ಟೇ ಕುಸುಬಿ ಎಣ್ಣೆ ಕಂಡ ಅಗಸೆ ಚಟ್ನಿ. ನನ್ನ ಬೆರಳು ರೂಢಿಬಲದಿಂದ ತುಪ್ಪದ ಕಡೆ ಸರಿದರೆ, ಸೌಟು ಹಿಡಿದು ನಿಂತ ಹೆಂಡತಿ, "ಏ, ಗಡಿ ದಾಟಬ್ಯಾಡ್ರಿ!" ಎನ್ನುತ್ತಿದ್ದಳು. ಹದಿನೈದು ದಿನದಲ್ಲಿ ಕೂಸು ಕಂಬ ಬಿಟ್ಟು ಕೋಳಿ ಅಟ್ಟತೊಡಗಿತು. ಆದರೂ ತಕ್ಕಡಿ ಹೇಳುವ ತನಕ ನನ್ನ ಎದೆ ಹಗುರಾಗಲಿಲ್ಲ. ಇವತ್ತು ಹೇಳಿತು.

ಸುದ್ದಿ ಕೇಳಿ ಮೊಮ್ಮಗಳು ಮಧ್ಯಾಹ್ನದ ಬಸ್ಸಿಗೇ ಬಂದಳು. ಸಂಜೆ ಎಲ್ಲರೂ ಒಂದೇ ಸಾಲಿಗೆ ಉಣ್ಣಲು ಕೂತೆವು. ಮೊಮ್ಮಗ ತನ್ನ ಪಾಲು ಮುಗಿಸಿ, ನನ್ನ ತೊಡೆಯಿಂದ ಇಳಿದು, ಅಕ್ಕನ ಮುಂದೆ ಬಾಯಿ ತೆರೆದು ನಿಂತ. ಆಮೇಲೆ ಅವ್ವನ ಮುಂದೆ, ಅಪ್ಪನ ಮುಂದೆ.

"ಕಂದಾಯ ವಸೂಲಿಗೆ ಹೊಂಟಾನ ಸಾಹೇಬ!" ಎಂದ ಮಗ.

ಒಬ್ಬೊಬ್ಬರೂ ನಗುತ್ತ ಒಂದೊಂದು ತುತ್ತು ಇಟ್ಟರು. ಸುತ್ತು ಮುಗಿಸಿ ಅಜ್ಜಿಯ ಮುಂದೆ ನಿಂತಾಗ ಅವನ ಗಲ್ಲದ ಮೇಲೆ ತುಪ್ಪ ಇಳಿಯುತ್ತಿತ್ತು. ಅವಳು ಸೆರಗಿನಿಂದ ಒರೆಸಿ ಇನ್ನೊಂದು ತುತ್ತು ಕಲಸಿದಳು.