ಗಡಿಕಲ್ಲಿನಾಚೆಯ ನಾಲ್ಕು ಮನೆ

ಜಪಾನಿನ ನೀಗಾತಾದ ಬೆಟ್ಟಸೀಮೆಯಲ್ಲಿ ಇನ್ನೂ ಕತ್ತಲು. ರಾತ್ರಿ ಬಿದ್ದ ಹಿಮ ಮೊಣಕಾಲುದ್ದ ಇದೆ. ಹಿನೋಕುಬೊ ಹಳ್ಳಿಯ ಕಚೇರಿ ಹಿಂದಿನ ಶೆಡ್ಡಿನಲ್ಲಿ ನಮಿಕೊ ತಕಿಜಾವಾ ಹಿಮ ತಳ್ಳುವ ಯಂತ್ರ ಏರುತ್ತಾರೆ. ಕೊರಳಿಗೆ ಟವೆಲು, ಜೇಬಿನಲ್ಲಿ ಒಂದು ಅನ್ನದುಂಡೆ. ಮುಂದಿನ ಕಬ್ಬಿಣದ ಅಲಗು ನೆಲಕ್ಕೆ ತಾಗಿ ಕಿರುಗುಡುತ್ತದೆ, ಹಿಮ ಪಕ್ಕಕ್ಕೆ ಸರಿದು ದಾರಿ ಕಾಣುತ್ತದೆ.

ನಮಿಕೊಗೆ ಐವತ್ತನಾಲ್ಕು. ದುಡಿಯುತ್ತಿದ್ದ ನೇಯ್ಗೆ ಕಾರ್ಖಾನೆ ಮುಚ್ಚಿದ ಮೇಲೆ ಈ ಕೆಲಸ ಕಲಿತರು. "ಮೊದಮೊದಲು ಹೆಂಗಸು ಓಡಿಸ್ತಾಳೆ ಅಂತ ಜನ ಕಿಟಕಿ ತೆಗೆದು ನೋಡೋರು. ಈಗ ಸದ್ದು ಕೇಳಿ ಮಗ್ಗುಲು ಬದಲಾಯಿಸ್ತಾರೆ, ಅಷ್ಟೆ. ಅದೇ ವಾಸಿ" ಎಂದು ನಗುತ್ತಾರೆ.

ದಾರಿಯ ಕೊನೆಯಲ್ಲಿ ಒಂದು ಗಡಿಕಲ್ಲು. ಅದರಾಚೆ ಓಕುನೊ, ನಾಲ್ಕೇ ಮನೆ. ಅವು ಹಳ್ಳಿಗೆ ಸೇರಿದವಲ್ಲ, ಬೆಟ್ಟದಾಚೆಯ ತಕಾಸೆ ನಗರಕ್ಕೆ ಸೇರಿದವು. ಹಿಂದೆ ಸರ್ಕಾರ ಸಣ್ಣ ಊರುಗಳನ್ನು ದೊಡ್ಡ ಊರುಗಳ ಆಡಳಿತಕ್ಕೆ ಸೇರಿಸುವಾಗ ಓಕುನೊ ಜನ ತಾವೇ ಹಾಗೆ ಕೇಳಿಕೊಂಡಿದ್ದರು. "ಆಗ ನಡ್ಕೊಂಡು ಹೋಗ್ತಿದ್ವಲ್ಲ, ಕಣಿವೆ ದಾಟಿದ್ರೆ ಶಾಲೆ, ಸಂತೆ ಎಲ್ಲ ಅಲ್ಲೇ. ಕಾರು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?" ಎನ್ನುತ್ತಾರೆ ಮೊದಲ ಮನೆಯ ಕಿನುಯೊ ಅಜ್ಜಿ. ಈಗ ಕಾರು ಹೋಗುವುದು ಹಿನೋಕುಬೊ ಮೂಲಕ ಮಾತ್ರ. ನಗರದ ಯಂತ್ರ ಸುತ್ತಿ ಬಳಸಿ ಬರುವಷ್ಟರಲ್ಲಿ ಹೊತ್ತು ಏರಿರುತ್ತದೆ. ಅಜ್ಜಿಯ ಗಂಡ ಶೊಹೇ ಅವರನ್ನು ವಾರಕ್ಕೆ ಮೂರು ದಿನ ಬೆಳಿಗ್ಗೆ ಡಯಾಲಿಸಿಸ್ ಮಾಡಿಸಲು ಆಸ್ಪತ್ರೆಗೆ ಕರೆದೊಯ್ಯಬೇಕು. ಅದು ಒಂದು ದಿನವೂ ತಪ್ಪುವಂತಿಲ್ಲ.

ನಮಿಕೊ ಮೊದಲಿನಿಂದಲೂ ಆ ನಾಲ್ಕು ಮನೆಯ ತನಕ ತಳ್ಳಿಕೊಡುತ್ತಿದ್ದರು. ಈ ಚಳಿಗಾಲದ ಆರಂಭದಲ್ಲಿ ಕಚೇರಿಯಿಂದ ಹೊಸ ಆದೇಶ ಬಂತು: ಗಡಿ ದಾಟಿ ಕೆಲಸ ಮಾಡಬಾರದು, ಆಚೆ ಏನಾದರೂ ಆದರೆ ವಿಮೆ ಸಿಗುವುದಿಲ್ಲ. ಮೊದಲ ಹಿಮದ ದಿನ ಅವರು ಕಲ್ಲಿನ ಬಳಿ ಅಲಗು ಎತ್ತಿ ಹಿಂದಿರುಗಿದರು. ತಳ್ಳಿ ತಂದ ಹಿಮವೆಲ್ಲ ಅಲ್ಲೇ ಗೋಡೆಯಾಗಿ ನಿಂತುಬಿಟ್ಟಿತು. ಅದನ್ನು ಅಜ್ಜಿಯೂ ನೆರೆಯವರೂ ಗುದ್ದಲಿ ಹಿಡಿದು ಒಡೆದರು. ಶೊಹೇ ಆಸ್ಪತ್ರೆ ಸೇರುವಾಗ ಮಧ್ಯಾಹ್ನ.

"ಏನೇ ನಮಿ, ನಮ್ಮನ್ನ ಒಳಗಿಟ್ಟು ಬಾಗಿಲು ಹಾಕ್ಕೊಂಡು ಹೋದೆಯಾ?" ಮಾರನೆಯ ದಿನ ಅಜ್ಜಿ ಕೇಳಿದರು.

"ತಪ್ಪಾಯ್ತಜ್ಜಿ. ಕಲ್ಲಿನ ಹತ್ರ ತಿರುಗಿಸೋಕೂ ಕಷ್ಟವೇ. ಹಿಂದಿನ ಚಕ್ರ ಪಕ್ಕದ ಹೊಳೆ ಅಂಚಿಗೆ ಹೋಗುತ್ತೆ."

"ಹೌದಾ? ಹಾಗಾದ್ರೆ ನಮ್ಮ ಕೊನೆಮನೆ ಪಕ್ಕ ಗದ್ದೆ ಖಾಲಿ ಬಿದ್ದಿದೆಯಲ್ಲ, ಅಲ್ಲಿ ತಿರುಗಿಸು. ಹಿಮದಲ್ಲಿ ಅದೇನು ಭತ್ತ ಕೊಡುತ್ತಾ?"

ನಮಿಕೊ ಈ ಮಾತನ್ನು ಕಚೇರಿಗೆ ಮುಟ್ಟಿಸಿದರು. ರಸ್ತೆ ನೋಡಿಕೊಳ್ಳುವ ಒಗಿನೊ ಬಂದು ಹೊಳೆಯಂಚು ಇಣುಕಿ, ಎರಡು ಹೆಜ್ಜೆ ಹಿಂದೆ ಸರಿದರು. ನಗರದವರನ್ನೂ ಕೇಳಿದರು. ವಾರದೊಳಗೆ ಆ ಗದ್ದೆ ಹಿನೋಕುಬೊ ಯಂತ್ರ ತಿರುಗಿಸುವ ಜಾಗವಾಯಿತು. ಅಲ್ಲಿಗೆ ಹೋಗುವ ದಾರಿಯೂ ಹಳ್ಳಿಯ ಕೆಲಸಕ್ಕೇ ಸೇರಿತು, ವಿಮೆಯೂ ಜೊತೆಗೆ. ಗದ್ದೆ ಇರುವುದು ನಾಲ್ಕೂ ಮನೆ ದಾಟಿದ ಮೇಲೆ.

ಇವತ್ತು ಆಸ್ಪತ್ರೆಯ ದಿನ. ನಮಿಕೊ ಗದ್ದೆಯಲ್ಲಿ ಯಂತ್ರ ತಿರುಗಿಸಿ ಅನ್ನದುಂಡೆ ಬಿಚ್ಚುತ್ತಾರೆ. ಅಜ್ಜಿ ಮೂಲಂಗಿ ಉಪ್ಪಿನಕಾಯಿಯ ಡಬ್ಬಿ ಮೇಲಕ್ಕೆ ಚಾಚುತ್ತಾರೆ: "ತಿನ್ನು, ನಿಮ್ಮ ಹಳ್ಳೀದಲ್ಲ, ನಗರದ್ದು ಇದು!" ಕೆಳಗೆ ಶೊಹೇ ಅವರನ್ನು ಹತ್ತಿಸಿಕೊಂಡ ನೆರೆಯವರ ಕಾರು ಹಾರನ್ ಮಾಡಿ ಸರಾಗವಾಗಿ ಇಳಿದುಹೋಗುತ್ತದೆ. ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ನಮಿಕೊ ಅಗಿಯುವುದನ್ನೂ ಮರೆತು ನೋಡುತ್ತಾರೆ.

ಗಡಿಕಲ್ಲು ಎಲ್ಲಿ ಎಂದು ಕೇಳಿದರೆ ಅವರು ಹಿಮದ ದಿಬ್ಬದ ಕಡೆ ಕೈ ತೋರಿಸುತ್ತಾರೆ. "ಅಲ್ಲೆಲ್ಲೋ ಅಡಿಯಲ್ಲಿದೆ. ಹಿಮ ಕರಗಿದ ಮೇಲೆ ಕಾಣುತ್ತೆ. ಅಷ್ಟೊತ್ತಿಗೆ ನನ್ನ ಕೆಲಸ ಮುಗಿದಿರುತ್ತೆ."