ಬಸ್ಸಿನ ಕೊನೆಯ ಸೀಟು

ನಮ್ಮ ಮನೆಯವರು ಬ್ಯಾಟರಿ ಬಸ್ಸಿಗೆ ಬದಲಾದ ಮೇಲೆ ನನಗೆ ಮೊದಲು ಗೊತ್ತಾದದ್ದು ಅವರ ಅಂಗಿಯ ವಾಸನೆ. ಡೀಸೆಲ್ ಬಸ್ಸು ಓಡಿಸುತ್ತಿದ್ದಾಗ ಎಷ್ಟು ಒಗೆದರೂ ಕಾಲರಿನಲ್ಲಿ ಡೀಸೆಲ್ ಉಳಿದಿರುತ್ತಿತ್ತು. ಆ ವಾಸನೆ ಬಾಗಿಲಿಗೆ ಬಂತೆಂದರೆ ಅವರು ಬಂದರು ಎಂದು ತಿಳಿಯುತ್ತಿತ್ತು. ಹೊಸ ಬಸ್ಸಿಗೆ ಹೋದ ಮೇಲೆ ಅಂಗಿ ಸಾಬೂನಿನ ವಾಸನೆಯಲ್ಲೇ ಹೋಗಿ ಸಾಬೂನಿನ ವಾಸನೆಯಲ್ಲೇ ಬರುತ್ತಿತ್ತು. ದಿನವೆಲ್ಲ ಎಲ್ಲಿದ್ದರು, ಯಾರ ಜೊತೆ ಇದ್ದರು ಎಂದು ಹೇಳುವಂಥದ್ದು ಅದರಲ್ಲಿ ಏನೂ ಇರುತ್ತಿರಲಿಲ್ಲ.

ಯಾರ ಜೊತೆ ಎಂಬುದು ಬೇಗನೆ ಗೊತ್ತಾಯಿತು. ಆ ಬಸ್ಸಿನ ಕಂಡಕ್ಟರ್ ಒಬ್ಬ ಹೆಂಗಸು. ಜಹೀರಾಬಾದ್ ಕಡೆಯವಳು, ಮನೆಮಾತು ಕನ್ನಡ. ಲಿಂಗಂಪಲ್ಲಿಯಿಂದ ಬೇಗಂಪೇಟೆಗೆ, ಬೇಗಂಪೇಟೆಯಿಂದ ಲಿಂಗಂಪಲ್ಲಿಗೆ, ದಿನವೆಲ್ಲ ಇಬ್ಬರೂ ಒಂದೇ ಬಸ್ಸಿನಲ್ಲಿ. ನಮ್ಮ ಮಾತಿನದಲ್ಲದ ಈ ಊರಿನಲ್ಲಿ ನಾನು ತರಕಾರಿಯವಳ ಹತ್ತಿರ ತೆಲುಗು, ಮನೆ ಮಾಲಕರ ಹತ್ತಿರ ಹಿಂದಿ ಮಾತಾಡಿ, ನನ್ನ ಮಾತು ಆಡಬೇಕೆಂದರೆ ಇವರು ಬರುವ ತನಕ ಕಾಯುತ್ತಿದ್ದೆ. ಇವರು ಆಡುವ ಮಾತನ್ನೆಲ್ಲ ಎಲ್ಲೋ ಆಡಿ ಮುಗಿಸಿದವರ ಹಾಗೆ ಬಂದು ಕೂರುತ್ತಿದ್ದರು.

ಒಂದು ಬೆಳಿಗ್ಗೆ, "ರೊಟ್ಟಿ ಎರಡು ಹೆಚ್ಚಿಗಿ ಕಟ್ಟು" ಅಂದರು.

"ಹೊಸ ಬಸ್ಸು ಹತ್ತಿದ ಮ್ಯಾಲೆ ಹಸಿವು ಜಾಸ್ತಿ ಆಗಾಕತ್ತೈತೇನ್ರಿ?"

"ನನಗಲ್ಲ, ನಮ್ಮ ಕಂಡಕ್ಟರಮ್ಮಗ. ನಿನ್ನ ಶೇಂಗಾ ಹಿಂಡಿ ಅಂದ್ರ ಪ್ರಾಣ ಬಿಡ್ತಾಳ."

"ಹಂಗಾದ್ರ ಇನ್ನೊಂದು ಚಮಚ ಜಾಸ್ತಿನ ಹಾಕ್ತೀನಿ, ತಗೊಂಡು ಹೋಗ್ರಿ" ಅಂದೆ.

ಅವರು ನಕ್ಕರು. ನಾನು ನಗಲಿಲ್ಲ. ಆದರೂ ರೊಟ್ಟಿ, ಜೊತೆಗೆ ಆ ಚಟ್ನಿಪುಡಿ ಕಟ್ಟಿದೆ. ಕಟ್ಟದಿದ್ದರೆ ತಮ್ಮ ಪಾಲಿನದನ್ನೇ ಆಕೆಗೆ ಕೊಟ್ಟು ಅರೆಹೊಟ್ಟೆಯಲ್ಲಿ ಬಸ್ಸು ಓಡಿಸುವವರು ಅವರು. ಆಕೆ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದಳಂತೆ. ಅದು ಗೊತ್ತಿದ್ದರೂ ನನಗೆ ಸಮಾಧಾನವಾಗಲಿಲ್ಲ.

ಆ ಬಸ್ಸು ಕೈಗೆ ಕೊಡುವ ಮೊದಲು ಡಿಪೊದಲ್ಲಿ ಟ್ರೇನಿಂಗ್ ಕೊಟ್ಟಿದ್ದರು. ಊಟಕ್ಕೆ ಕೂತಾಗ ಅವರು ಅದನ್ನು ಪಾಠ ಒಪ್ಪಿಸುವವರ ಹಾಗೆ ಹೇಳುತ್ತಿದ್ದರು. ಬ್ಯಾಟರಿ ಬಿಸಿಯಾದರೆ ಎದುರಿಗೆ ಕೆಂಪು ದೀಪ ಹತ್ತುತ್ತದೆ. ಬಸ್ಸು ಬದಿಗೆ ನಿಲ್ಲಿಸಬೇಕು, ಬಾಗಿಲು ತೆಗೆಯಬೇಕು, ಮೇನ್ ಸ್ವಿಚ್ ಬಂದ್ ಮಾಡಬೇಕು. ಜನರನ್ನು ಇಳಿಸಿ, ಹೊಗೆ ಹೋಗುವ ಕಡೆಗಲ್ಲ, ಗಾಳಿ ಬರುವ ಕಡೆಗೆ ದೂರ ಕರೆದುಕೊಂಡು ಹೋಗಬೇಕು. ಬಕೆಟಿನಲ್ಲಿ ನೀರು ಹೊಡೆದರೆ ಆರುವ ಬೆಂಕಿಯಲ್ಲ ಅದು, ಆರಿದ್ದು ಮತ್ತೆ ಹತ್ತಿಕೊಳ್ಳುತ್ತದೆ. "ಬೆಂಕಿಕಿಂತ ಹೊಗಿ ಕೆಟ್ಟದ್ದು. ಇಳದವರು ಹೊಳ್ಳಿ ಹತ್ತಬಾರದು" ಎಂಬುದು ಅವರ ಪಾಠದ ಕೊನೆಯ ಮಾತು.

ನಮ್ಮ ಕೆಳಗಿನ ಮನೆಯವರದು ಬ್ಯಾಟರಿ ಸ್ಕೂಟರ್. ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿ, ಮಳೆ ಸಿಡಿಯುತ್ತದೆ ಎಂದು ಅದರ ಮೇಲೆ ಕೌದಿ ಹೊದಿಸುತ್ತಿದ್ದರು. ಇವರು ದಿನಾ ಹೋಗಿ ಕೌದಿ ತೆಗೆಯುತ್ತಿದ್ದರು.

"ತಂಗೆವ್ವ, ಅದೇನು ಕೂಸಲ್ಲ. ಹೊಚ್ಚಿದಷ್ಟೂ ಅದಕ್ಕ ಜ್ವರ ಏರ್ತೈತಿ. ಮೆಟ್ಟಿಲ ಬುಡಕ ಬೆಂಕಿ ಹತ್ತಿದ್ರ ಮ್ಯಾಲಿದ್ದವರು ಎಲ್ಲಿಂದ ಇಳೀಬೇಕು?"

ನಾನು ಮೇಲಿನಿಂದಲೇ, "ನನಗ ಜ್ವರ ಬಂದಾಗ ಹಣಿ ಮುಟ್ಟಿ ನೋಡಂಗಿಲ್ಲ, ಮಂದಿ ಬ್ಯಾಟರಿ ಮುಟ್ಟಿ ಮುಟ್ಟಿ ನೋಡ್ತೀರಿ" ಅಂದೆ. ಕನ್ನಡ ಆಡಲು ಬಾರದಿದ್ದರೂ ತಿಳಿಯುತ್ತಿದ್ದ ಕೆಳಗಿನ ಮನೆಯವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಇವರಿಗೆ ನಾಚಿಕೆಯಾಗಿ ಆ ಸಂಜೆ ಎರಡು ಸಲ ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಅದು ಒಂದು ಮಧ್ಯಾಹ್ನ. ಟ್ರಿಪ್ಪಿನ ನಡುದಾರಿಯಲ್ಲಿ, ಗಚ್ಚಿಬೌಲಿಯಲ್ಲಿ ಕೆಂಪು ದೀಪ ಹತ್ತಿತಂತೆ. ಬಸ್ಸಿನ ಹಿಂಭಾಗದಿಂದ, ಕುಕ್ಕರ್ ಸೀಟಿ ಹಾಕುವ ಮೊದಲು ಬರುತ್ತದಲ್ಲ, ಅಂಥ ಸಪ್ಪಳ. ಆಮೇಲೆ ಬಿಳಿ ಹೊಗೆ. ಇವರು ಪಾಠದಲ್ಲಿದ್ದದ್ದನ್ನೆಲ್ಲ ಒಂದೂ ಬಿಡದೆ ಮಾಡಿದ್ದರಂತೆ. ಸಂಜೆ ಆಟೊದಲ್ಲಿ ಮನೆಗೆ ಬಂದು, "ಎಲ್ಲಾರೂ ಇಳದ್ರು. ಒಬ್ಬರಿಗೂ ಏನೂ ಆಗಿಲ್ಲ" ಅಂದರು. ಅಂಗಿಯಲ್ಲಿ ಮೂಗಿಗೆ ಚುಚ್ಚುವ ಒಂದು ವಾಸನೆ ಇತ್ತು. ಹೊಸ ಬಸ್ಸಿಗೆ ಹೋದ ಮೇಲೆ ಮೊದಲ ಸಲ ಅಂಗಿ ಏನನ್ನೋ ಹೇಳುತ್ತಿತ್ತು.

"ದವಾಖಾನಿಗೆ ಹೋಗೋಣ್ರಿ" ಅಂದೆ.

"ಗಂಟಲ ಕೆರೀತೈತಿ ಅಷ್ಟ. ಮಜ್ಜಿಗಿ ಕೊಡು."

ಮಜ್ಜಿಗೆ ಕೊಟ್ಟೆ. ಬೆಳಗಾಗುವ ಹೊತ್ತಿಗೆ ಅವರಿಗೆ ಉಸಿರು ಎಳೆಯಲು ಆಗುತ್ತಿರಲಿಲ್ಲ. ಆ ಹೊಗೆ ಎದೆಯೊಳಗೆ ತಡವಾಗಿ ಕೆಲಸ ಮಾಡುತ್ತದೆ, ಅದನ್ನು ಕುಡಿದವರು ತಮಗೆ ಏನೂ ಆಗಿಲ್ಲ ಅನ್ನಿಸಿದರೂ ಕೂಡಲೇ ಆಸ್ಪತ್ರೆಗೆ ಬರಬೇಕು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಅವರ ಪಾಠದಲ್ಲಿ ಇದು ಇತ್ತೋ ಇಲ್ಲವೋ, ನನಗೆ ಒಪ್ಪಿಸುವಾಗಲಂತೂ ಇರಲಿಲ್ಲ. ಅವರು ಮತ್ತೆ ಮನೆಗೆ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನನ್ನ ನಾದಿನಿ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದಳು. "ವೈನಿ, ಅಣ್ಣ ಮೊದಲು ಇಳದಿದ್ನಂತ. ಆ ಕಂಡಕ್ಟರ್ ಹೆಂಗಸು ನನ್ನ ಮಷೀನ್, ನನ್ನ ಮಷೀನ್ ಅಂತ ಒದರಿದ್ಳಂತ. ಅದನ್ನ ತರಾಕ ಹೊಳ್ಳಿ ಹತ್ತ್ಯಾನ. ಡಿಪೊದಾಗ ಎಲ್ಲಾರೂ ಅದ ಅನ್ನಾಕತ್ತಾರ."

ದುಃಖ ಬಂದ ಮನೆಯಲ್ಲಿ ಬೇರೆ ಏನಕ್ಕೂ ಜಾಗ ಇರುವುದಿಲ್ಲ ಎಂದುಕೊಂಡಿದ್ದೆ. ಹಾಗಲ್ಲ. ಜನ ಬಂದು ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಒಳಗೆ ಮಾತ್ರ ಆಕೆಯ ಟಿಕೆಟ್ ಮಷೀನೇ ಇತ್ತು. ಇಳಿದವರು ಹತ್ತಬಾರದು ಎಂದು ನನ್ನ ಮುಂದೆ ದಿನಾ ಹೇಳಿದವರು ಆಕೆಯ ಒಂದು ಕೂಗಿಗೆ ಹತ್ತಿದರು. ನಾನು ಕೂಗಿದ್ದರೆ ಹತ್ತುತ್ತಿದ್ದರೇ? ನೂರು ಸಲ ಕೇಳಿಕೊಂಡೆ. ಅವರ ಬದುಕು ಹೇಗೋ ಹಂಚಿ ಹೋಗಿತ್ತು, ಅವರ ಸಾವಾದರೂ ನನ್ನೊಬ್ಬಳದೇ ಆಗಬಾರದಿತ್ತೇ ಅನ್ನಿಸುತ್ತಿತ್ತು. ಈ ಮಾತು ಯಾರ ಹತ್ತಿರ ಹೇಳುವುದು?

ದಿನಕರ್ಮ ಮುಗಿದ ಮೇಲೆ ಆಕೆಯೇ ಬಂದಳು. ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ವಯಸ್ಸಿನವಳು, ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಕೈಯಲ್ಲಿ ನಮ್ಮ ರೊಟ್ಟಿ ಡಬ್ಬಿ. ಆ ದಿನ ತನ್ನ ಚೀಲದ ಜೊತೆ ಅದನ್ನು ಇಳಿಸಿಕೊಂಡು, ಮಷೀನನ್ನು ಮರೆತಿದ್ದಳು. ಖಾಲಿ ಡಬ್ಬಿ ಕೊಡಬಾರದೆಂದು ಒಳಗೆ ಒಂದು ಹಿಡಿ ಶೇಂಗಾ ಹಾಕಿ ತಂದಿದ್ದಳು. ನಾನು ಕೂಡು ಎನ್ನಲಿಲ್ಲ. ಆಕೆಯೇ ಬಾಗಿಲ ಹತ್ತಿರ ಕೂತಳು.

"ಅಕ್ಕಾರ, ನಾ ಒದರಬಾರದಿತ್ರಿ. ಮಷೀನ್ ಹೋದ್ರ ನೌಕರಿ ಹೋಗ್ತೈತಿ ಅನ್ನೋ ಅಂಜಿಕಿ. ಬಾಯಿಂದ ಬಂದುಬಿಟ್ಟಿತು. ಅಣ್ಣಾರು ಹೊಳ್ಳಿ ಹತ್ತಿದ್ರು. ಬ್ಯಾಡ ಬರ್ರಿ ಅಂತ ಕೂಗಿನಿ, ಕೇಳಲಿಲ್ಲ. ನನ್ನ ಸಲುವಾಗಿ ಹ್ವಾದ್ರು."

ನನ್ನ ಸಲುವಾಗಿ ಎಂದಳು. ಆಕೆ ಅಳುತ್ತಲೇ ಹೇಳಿದಳು, ಆದರೂ ಆ ಮಾತು ನನಗೆ ಚುಚ್ಚಿತು. ಆ ಪಾಪವನ್ನೂ ತನ್ನದೆಂದು ಮಡಿಲಲ್ಲಿ ಕಟ್ಟಿಕೊಂಡು ಹೋಗಲು ಬಂದಿದ್ದಾಳೆ ಅನ್ನಿಸಿತು.

"ಎಷ್ಟೊತ್ತು ಒಳಗಿದ್ರು?" ಎಂದು ಕೇಳಿದೆ.

"ಭಾಳ ಹೊತ್ರಿ. ಮಷೀನ್ ಮುಂದಿನ ಬಾಗಲ ಹತ್ರಾನ ತೂಗಹಾಕಿದ್ದೆ. ಕೈ ಚಾಚಿದ್ರ ಸಿಗ್ತಿತ್ತು. ಅಷ್ಟೊತ್ತು ಯಾಕಾತೋ ಇವತ್ತಿಗೂ ತಿಳಿವಲ್ದು. ಹೊಗಿಯೆಲ್ಲಾ ಹಿಂದ ಇತ್ರಿ."

ನನಗೆ ತಿಳಿಯಿತು.

"ಅವರು ಹತ್ತಿದ್ದು ನಿನ್ನ ಮಷೀನಿಗಲ್ಲ" ಅಂದೆ. "ಟ್ರಿಪ್ ಮುಗಿದಾಗ ಏನು ಮಾಡ್ತಿದ್ರು ಹೇಳು."

ಆಕೆ ಕಣ್ಣು ಒರೆಸಿಕೊಂಡಳು. "ಕಡೀ ಸೀಟಿನ ತನಕ ಹೋಗಿ ನೋಡಿ ಬರ್ತಿದ್ರು. ನಾ ನೋಡೀನಿ ಅಣ್ಣಾರ, ಯಾರಿಲ್ಲ ಅಂದ್ರೂ ಕೇಳ್ತಿದ್ದಿಲ್ಲ. ಚ್ಯಾಷ್ಟಿ ಮಾಡ್ತಿದ್ದೆ ನಾನು."

"ಆ ಸೀಟು ನಂದು."

ನಾನು ಆಕೆಗೆ ಹೇಳಿದೆ. ಮದುವೆಯಾಗಿ ಈ ಊರಿಗೆ ಬಂದ ಹೊಸತು. ಬೇಗಂಪೇಟೆಯ ಹತ್ತಿರದ ನಂಟರ ಮನೆಯಿಂದ ಅವರದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಡ್ರೈವರ್ ಹೆಂಡತಿ ಎಂದು ಜನ ನೋಡುತ್ತಾರೆಂದು ನಾಚಿ, ಹೆಂಗಸರ ಸೀಟು ಬಿಟ್ಟು ಕೊನೆಯ ಸೀಟಿನ ಮೂಲೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತೆ. ನಿದ್ದೆ ಹತ್ತಿತು. ನಾನು ನಮ್ಮ ಸ್ಟಾಪಿನಲ್ಲಿ ಇಳಿದೆನೆಂದು ತಿಳಿದು ಅವರು ಬಸ್ಸನ್ನು ಡಿಪೊದಲ್ಲಿ ನಿಲ್ಲಿಸಿ, ಬಾಗಿಲು ಹಾಕಿ ಮನೆಗೆ ನಡೆದರು. ಮನೆಗೆ ಬೀಗ. ಅಕ್ಕಪಕ್ಕ ಕೇಳಿದರು, ಸ್ಟಾಪಿಗೆ ಹೋದರು, ಕೊನೆಗೆ ಡಿಪೊಗೆ ಓಡಿ ಬಂದರು. ಗಾಜು ಬಡಿದ ಸಪ್ಪಳಕ್ಕೆ ನನಗೆ ಎಚ್ಚರವಾಯಿತು. ಬೈಯುತ್ತಾರೆಂದುಕೊಂಡೆ. ಒಳಗೆ ಬಂದು ಪಕ್ಕದಲ್ಲಿ ಕೂತರು. ಆಮೇಲೆ, "ಇನ್ನ ಮ್ಯಾಲ ನೋಡ್ದ ಇಳಿಯಂಗಿಲ್ಲ" ಅಂದರು. ಅಲ್ಲಿಂದ ಮುಂದೆ ಯಾವ ಬಸ್ಸಿನಿಂದಲೂ ಹಾಗೆ ಇಳಿದವರಲ್ಲ.

"ಆ ದಿನ ಗದ್ದಲದಾಗ ನೋಡ್ದ ಇಳದಿದ್ರು" ಅಂದೆ. "ಅದಕ್ಕ ಹತ್ತಿದ್ರು. ಕಡೀ ಸೀಟು ನೋಡಿ, ಬರುವಾಗ ಬಾಗಲ ಹತ್ರ ನಿನ್ನ ಮಷೀನ್ ಕಂಡೈತಿ, ತಂದಾರ. ಅಷ್ಟ."

ಹಾಗೆಯೇ ಆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಒಳಗೆ ನಡೆದದ್ದನ್ನು ಕಂಡವರು ಯಾರೂ ಇಲ್ಲ. ಆದರೂ ಆಕೆಗೆ ಅವರನ್ನು ಬಿಟ್ಟುಕೊಡಲು ನನಗೆ ಆಗಲಿಲ್ಲ. ಯಾರದೋ ಕೂಗಿಗೆ ಹೋದರು ಅನ್ನುವುದಕ್ಕಿಂತ ನನ್ನ ಆ ಒಂದು ನಿದ್ದೆಗೆ ಹೋದರು ಅನ್ನುವುದೇ ನನಗೆ ಬೇಕಾಗಿತ್ತು. ಅದರ ಭಾರ ಎಷ್ಟೆಂದು ಆಗ ನಾನು ಯೋಚಿಸಲಿಲ್ಲ.

ಆಕೆ ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದೆ. "ನಿಮ್ಮ ಮನಸು ಭಾಳ ದೊಡ್ಡದ್ರಿ ಅಕ್ಕಾರ. ನಂದೊಂದು ಹೊರಿ ಇಳಿಸಿದ್ರಿ" ಅಂದಳು.

"ಈ ಸಂಗತಿ ಅವರು ನಿನಗ ಹೇಳಿದ್ರೇನು? ನನ್ನ ನಿದ್ದಿದು?"

"ಇಲ್ರೀ, ಒಮ್ಮೆನೂ ಹೇಳಿಲ್ಲ. ಹೇಳಿದ್ರ ನಾ ಚ್ಯಾಷ್ಟಿ ಯಾಕ ಮಾಡ್ತಿದ್ದೆ?"

ದಿನವೆಲ್ಲ ಕನ್ನಡ ಮಾತಾಡಿದವರು ಇದೊಂದನ್ನು ಆಕೆಗೆ ಹೇಳಿರಲಿಲ್ಲ. ಅವರು ಹೋದ ಮೇಲೆ ಮೊದಲ ಸಲ ನನಗೆ ಹಸಿವಾಯಿತು. ಆಕೆ ಮೆಟ್ಟಿಲು ಇಳಿದು ಹೋದಳು. ಕೆಳಗೆ ಸ್ಕೂಟರಿನ ಮೇಲೆ ಮತ್ತೆ ಕೌದಿ ಬಿದ್ದಿತ್ತು. ಹೋಗಿ ತೆಗೆದು ಬಂದೆ.

ಡಬ್ಬಿಯಲ್ಲಿದ್ದ ಶೇಂಗಾ ಹುರಿದು, ಬೆಳ್ಳುಳ್ಳಿ, ಖಾರ ಹಾಕಿ ಹಿಂಡಿ ಕುಟ್ಟಿದೆ. ಒಂದು ರೊಟ್ಟಿ ಬಡಿದುಕೊಂಡು ತಿಂದೆ. ಆಕೆಗೆಂದು ಒಂದು ಚಮಚವನ್ನೂ ಎತ್ತಿಡಲಿಲ್ಲ.