ಕ್ಯಾಮೆರಾಕ್ಕೆ ಒಂದು ಚೊಂಬು ತೀರ್ಥ

ಹೊಸದು ಕೊಳ್ಳುವ ಆಸೆ ನಮಗೆ ಹುಟ್ಟಿದ ಮೇಲೆ ಹಳೆಯ ವಸ್ತು ಮರ್ಯಾದೆಯಾಗಿ ಕೆಟ್ಟು ಜಾಗ ಬಿಡಬೇಕು ಎನ್ನುವವನು ನಾನು. ನನ್ನ ಹನ್ನೆರಡು ವರ್ಷದ ಕ್ಯಾಮೆರಾಕ್ಕೆ ಈ ಸೌಜನ್ಯವಿರಲಿಲ್ಲ. ಅಂಗಡಿಯ ಗಾಜಿನಾಚೆ ಹೊಸ ಕ್ಯಾಮೆರಾ ನೋಡಿ ಬಂದಾಗಲೆಲ್ಲ ಇದು ಇನ್ನಷ್ಟು ಚೆನ್ನಾಗಿ ಫೋಟೊ ತೆಗೆಯುತ್ತಿತ್ತು. ಇದಕ್ಕೇನು ಧಾಡಿ ಬಂದಿದೆ ಎಂದು ನನ್ನ ಹೆಂಡತಿ ಸುಮ ಕೇಳುವಳು. ಏನೂ ಬಂದಿಲ್ಲವೆಂಬುದೇ ನನ್ನ ಸಂಕಟ.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ನಮ್ಮೂರಿನಲ್ಲಿ ಸ್ನಾನ ತಪ್ಪಿಸಿಕೊಳ್ಳುವ ಯಂತ್ರವೇ ಇಲ್ಲ. ನಮ್ಮ ಮನೆಯಲ್ಲಿ ಪೂಜೆಯ ಯಜಮಾನಿಕೆ ಹಿನಕಲ್ಲಿನಿಂದ ಬರುವ ಅತ್ತೆಯವರದು, ಅಂದರೆ ಸುಮಳ ತಾಯಿಯದು. ಅವರ ಹೊಲ ಸೈಟುಗಳಾಗಿ ನೇಗಿಲು ಅಟ್ಟ ಸೇರಿದ ಮೇಲೆ ನೇಗಿಲಿಗೆ ಸಲ್ಲುತ್ತಿದ್ದ ಭಕ್ತಿಯೆಲ್ಲ ನಮ್ಮ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಕಡೆ ಹರಿದಿದೆ. ಈ ಸಲ ಕ್ಯಾಮೆರಾವನ್ನೂ ಸಾಲಿನಲ್ಲಿ ಕೂರಿಸಿದೆ. ಪೂಜೆಯ ಫೋಟೊವನ್ನು ಅದೇ ತೆಗೆಯಲೆಂದು ಐದೈದು ಸೆಕೆಂಡಿಗೊಮ್ಮೆ ತಾನೇ ಕ್ಲಿಕ್ಕಿಸುವಂತೆ ಸಜ್ಜುಮಾಡಿದ್ದೆ. ಅತ್ತೆಯವರು ಮಾವಿನೆಲೆಯಿಂದ ಎಲ್ಲಕ್ಕೂ ನಾಲ್ಕು ಹನಿ ತೀರ್ಥ ಪ್ರೋಕ್ಷಿಸಿ, ಸ್ಕೂಟರಿನ ಮುಂದೆ ಬೂದುಗುಂಬಳ ಒಡೆಯಲು ಮಗಳ ಜೊತೆ ಬೀದಿಗೆ ಹೋದರು. ಒಳಗೆ ಉಳಿದದ್ದು ನಾನು ಮತ್ತು ತೀರ್ಥದ ಚೊಂಬು.

ನಿಮಗೆ ಹೇಳುತ್ತೇನೆ, ಮುಂದಿನದು ನಮ್ಮಿಬ್ಬರಲ್ಲೇ ಇರಲಿ. ಮಿಕ್ಸಿಗೆ ಎರಡು ಹನಿ ಹಾಕಿದೆ. ಹೊಲಿಗೆ ಯಂತ್ರಕ್ಕೆ ಒಂದು. ಕ್ಯಾಮೆರಾದ ಬಳಿ ಬಂದಾಗ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತು. ಚೊಂಬನ್ನೇ ಬಗ್ಗಿಸಿದೆ.

ಸಂಜೆ ಕ್ಯಾಮೆರಾ ಕಣ್ಣು ಬಿಡಲಿಲ್ಲ. ಪ್ರೋಕ್ಷಣೆ ಸ್ವಲ್ಪ ಜೋರಾಯಿತೇನೋ ಎಂದು ಗೋಡೆಯ ಕಡೆ ನೋಡುತ್ತಾ ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ಅತ್ತೆಯವರು ಎಲೆಯ ಮೇಲಿನ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಕ್ಯಾಮೆರಾವನ್ನು ಮೂರು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಕಾದರು. ನೀರಿನ ಜೊತೆಗೆ ತೌಡೂ ಸೇರಿತು. ಕೊನೆಗೆ, ಅದು ಸರಿಹೋದರೆ ಚಾಮುಂಡಿಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆಂದು ಹರಕೆ ಹೊತ್ತರು. ಸಾವಿರ ಮೆಟ್ಟಿಲು. ಅವರ ಮಂಡಿಗಳಿಗೆ ನಮ್ಮ ಮನೆಯ ಮೂರು ಮೆಟ್ಟಿಲೇ ಭಾರ. ನನಗೆ ನಾಚಿಕೆಯಾಯಿತು, ಬಾಯಿ ಬಿಡುವಷ್ಟು ಆಗಲಿಲ್ಲ.

ಬದಲಿಗೆ ತತ್ತ್ವಜಿಜ್ಞಾಸೆಗೆ ಇಳಿದೆ. ಮುಕ್ಕಾದ ವಿಗ್ರಹವನ್ನು ನೀರಿಗೆ ಬಿಡಬೇಕೆಂದು ಶಾಸ್ತ್ರ. ನೀರಿನಿಂದಲೇ ಮುಕ್ಕಾದದ್ದನ್ನು ಎಲ್ಲಿಗೆ ಬಿಡಬೇಕು? ನಮ್ಮ ತಂದೆಯ ಕೊಡೆಗೆ ಮೂರು ಸಲ ಬಟ್ಟೆ, ಎರಡು ಸಲ ಕಡ್ಡಿ, ಒಮ್ಮೆ ಹಿಡಿ ಬದಲಾಗಿತ್ತು. ಆದರೂ ಅವರು ಅದನ್ನು ತಮ್ಮ ಮದುವೆಯ ಕೊಡೆ ಎಂದೇ ತೋರಿಸುತ್ತಿದ್ದರು. ಹಾಗಾದರೆ ರಿಪೇರಿ ಎಂಬುದು ಕಂತಿನಲ್ಲಿ ಕೊಳ್ಳುವ ಹೊಸದಲ್ಲವೇ? ಒಂದೇ ಸಲಕ್ಕೆ ಕೊಂಡರೆ ತಪ್ಪೇನು? ಸುಮ ಈ ವಾದವನ್ನು ಪೂರ್ತಿ ಕೇಳಿ, ಮೊದಲು ರಿಪೇರಿಯವನಿಗೆ ತೋರಿಸಿ ಎಂದಳು.

ಸುಮ ಮನೆಯಲ್ಲೇ ಉಳಿದಳು, ಪೇಟೆಯ ಮಹಡಿ ಮೇಲಿನ ಅಂಗಡಿಗೆ ನನ್ನ ಜೊತೆ ಅತ್ತೆಯವರೂ ಹಟಮಾಡಿ ಬಂದರು. ರಿಪೇರಿಯವರು ಕ್ಯಾಮೆರಾದ ಹೊಟ್ಟೆ ಬಿಚ್ಚಿ ನೋಡಿದರು. ಇದು ಹೋಯಿತು ಎಂಬ ಒಂದು ಮಾತಿಗಾಗಿ ನಾನು ಕಿವಿ ನೆಟ್ಟು ನಿಂತಿದ್ದೆ. ಅವರು, ಬದುಕಿಸಬಹುದು, ಬೇಡವೆಂದರೆ ಹೊಸದೂ ಇದೆ, ನೀವೇ ಹೇಳಿ ಎಂದುಬಿಟ್ಟರು. ಹಳೆಯದು ಬಿಡಿ ಎಂದು ನಾನು ದುಃಖದ ಮುಖಮಾಡಿ ಶುರುಮಾಡುವಾಗಲೇ, ಅವರು ಫೋಟೊಗಳಿರುವ ಕಾರ್ಡಾದರೂ ಚೆನ್ನಾಗಿದೆಯೇ ನೋಡೋಣವೆಂದು ಅದನ್ನು ಕಂಪ್ಯೂಟರಿಗೆ ಹಾಕಿದರು.

ಕಾರ್ಡು ತುಂಬಾ ಚೆನ್ನಾಗಿತ್ತು. ಮೊದಲ ಚಿತ್ರದಲ್ಲಿ ಅತ್ತೆಯವರ ಮಾವಿನೆಲೆ, ನಾಲ್ಕು ಹನಿ. ಆಮೇಲಿನವುಗಳಲ್ಲಿ ಖಾಲಿ ಕೋಣೆ. ಕಡೆಯದರಲ್ಲಿ ನಾನು, ಎರಡೂ ಕೈಯಲ್ಲಿ ಎತ್ತಿದ ಚೊಂಬು, ಮುಖದ ತುಂಬಾ ನಗು. ಆ ಕ್ಯಾಮೆರಾ ಅಷ್ಟು ಸ್ಪಷ್ಟವಾದ ಫೋಟೊವನ್ನು ಎಂದೂ ತೆಗೆದಿರಲಿಲ್ಲ.

ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ರಿಪೇರಿಯವರ ಕಡೆ ತಿರುಗಿ, "ಇದ್ನೇ ಸರಿ ಮಾಡ್ಕೊಡಪ್ಪ" ಎಂದರು. ನನಗೆ ಮೆಲ್ಲಗೆ, "ಹರಕೆ ನಂದೇ ಇರ್ಲಿ. ಮೆಟ್ಲು ನೀವ್ ಹತ್ಬುಡಿ, ಅಳಿಯಂದ್ರೇ."

ಹತ್ತಿದೆ. ಸಾವಿರ ಸಲ ಬಗ್ಗಿ, ಸಾವಿರ ಸಲ ಎದ್ದು, ಅರಿಶಿನ ಕುಂಕುಮ ಹಚ್ಚಿದೆ. ತಾಯಿಯ ಮಂಡಿನೋವಿಗೆ ಮರುಗಿ ಗಂಡ ಹರಕೆ ತೀರಿಸುತ್ತಿದ್ದಾನೆಂದು ಸುಮಳಿಗೆ ಕಣ್ಣು ತುಂಬಿ ಬಂತು. ರಿಪೇರಿಯಾದ ಕ್ಯಾಮೆರಾದಲ್ಲಿ ಮೆಟ್ಟಿಲು ಮೆಟ್ಟಿಲಿಗೂ ನನ್ನ ಫೋಟೊ ತೆಗೆದಳು. ಮನೆಗೆ ಬಂದು ತಾಯಿಗೆ ತೋರಿಸುತ್ತಾ, ನಿನ್ನ ಕೈಯ ನೀರಿನಿಂದ ಪಾಪ ಇವರಿಗೆ ಎಷ್ಟು ಕಷ್ಟ ನೋಡು ಎಂದಳು. ಅತ್ತೆಯವರು ನನ್ನ ಮುಖ ನೋಡಿದರು.

"ಹೂಂ ಕಣವ್ವ," ಎಂದರು, "ನಂದೇ ತಪ್ಪು."

ನನ್ನ ಮಂಡಿನೋವು ನಾಲ್ಕು ದಿನಕ್ಕೆ ಹೋಯಿತು. ಆ ಮಾತು ಮಾತ್ರ ಹೋಗಲಿಲ್ಲ. ಅದಕ್ಕೇ ಇದನ್ನೆಲ್ಲ ಬರೆದೆ. ನಮ್ಮಿಬ್ಬರಲ್ಲೇ ಇರಲಿ ಎಂದು ನಿಮಗೆ ಹೇಳಿದ್ದು ನಿಜ. ಆದರೆ ನಾನು ಬರೆದದ್ದನ್ನು ಮೊದಲು ಓದುವವಳು ಸುಮ. ಹಾಳೆಗಳನ್ನು ಅವಳ ಕನ್ನಡಕದ ಕೆಳಗಿಟ್ಟು, ಚೊಂಬನ್ನು ಅವಳ ಕೈಗೆಟುಕದ ಅಟ್ಟಕ್ಕೆ ಸೇರಿಸಿ, ಅತ್ತೆಯವರಿಗೆ ನಾಲ್ಕು ಹೋಳಿಗೆ ಕಟ್ಟಿಸಿಕೊಂಡು ಹಿನಕಲ್ಲಿಗೆ ಹೊರಟಿದ್ದೇನೆ.